ಕೋಷ್ಟಕಶೋಧನೆ: ಪಟ್ಟಿಕೆಗಳನ್ನು ಪ್ರದರ್ಶಿಸುವುದಕ್ಕೆ ಮುಂಚೆ ಸಾಲುಗಳನ್ನು ಆಯುವ ಕ್ರಮ

1. ವಿಷಯೋಪಕ್ರಮ

ಒಂದು ಶಾಸ್ತ್ರದ ಸಾಮಗ್ರಿಯನ್ನು ಸಾಲು, ಅಂಕಣಗಳಾಗಿ ವಿಂಗಡಿಸಿ ಕೋಷ್ಟಕದ ರೂಪದಲ್ಲಿ ಬರೆದಿಡುವ ಪದ್ಧತಿಯು ವಿದ್ವಾಂಸರಿಗೆ ಹೊಸದಲ್ಲ. ಕವಿಗಳ ಕಾಲಾನುಕ್ರಮಣಿಕೆ, ಶಾಸನಗಳ ಸೂಚಿ, ಓಲೆಯ ಗ್ರಂಥಗಳ ವಿವರಣಪಟ್ಟಿಕೆ, ಛಂದಶ್ಶಾಸ್ತ್ರದ ಪ್ರಸ್ತಾರ, ಇವೆಲ್ಲವೂ ಆ ಜಾತಿಗೇ ಸೇರಿದುವು. ಇಂತಹ ಪಟ್ಟಿಕೆಯನ್ನು ಅಚ್ಚುಹಾಕಿಸುವ ಸಂಪಾದಕನು ಸಾಮಾನ್ಯವಾಗಿ ತನ್ನಲ್ಲಿದ್ದ ಸಾಲುಗಳೆಲ್ಲವನ್ನೂ ಅಚ್ಚುಹಾಕಿಸುತ್ತಿದ್ದನು. ಅವುಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳುವ ಭಾರವು ಓದುವವನ ಮೇಲಿರುತ್ತಿದ್ದಿತು. ಅವನು ಬೇಡವೆಂದು ಬಿಟ್ಟ ಸಾಲೂ ಅವನ ಕಣ್ಣಿನ ಮುಂದೆಯೇ ಇರುತ್ತಿದ್ದಿತು; ಬೇಕಾದರೆ ಮತ್ತೊಮ್ಮೆ ಅದರ ಕಡೆಗೆ ತಿರುಗಬಹುದಾಗಿದ್ದಿತು.

ಈಗ ಈ ಸ್ಥಿತಿಯು ಬದಲಾಗಿರುವುದು. ಗಣಕಯಂತ್ರದ ಪರದೆಯಲ್ಲಿ ಓದತಕ್ಕ ವಿವರಣಪುಟಗಳು ಬಹುಮಟ್ಟಿಗೆ ಯಂತ್ರದಿಂದಲೇ ರಚಿತವಾಗುತ್ತವೆ. ದೊಡ್ಡದೊಂದು ಮೂಲಪಟ್ಟಿಕೆಯನ್ನು ಒಂದು ಕಡೆಯಲ್ಲಿಟ್ಟು, ಒಂದೊಂದು ಪುಟಕ್ಕೆ ಒಂದೊಂದು ನಿಯಮವನ್ನು ವಿಧಿಸಿ, ಆ ನಿಯಮಕ್ಕೆ ಒಳಪಟ್ಟ ಸಾಲುಗಳನ್ನು ಮಾತ್ರ ಆ ಪುಟದಲ್ಲಿ ತೋರಿಸುವ ಕ್ರಮವು ಬಳಕೆಗೆ ಬಂದಿದೆ. ಇದನ್ನು ಕೋಷ್ಟಕಶೋಧನೆಯೆಂದು ಕರೆಯಬಹುದು. ಜರಡಿಯಿಂದ ಕೆಳಗಿಳಿದ ಹಿಟ್ಟು ಓದುವವನಿಗೆ ಕಾಣಿಸುವುದು. ಜರಡಿಯಲ್ಲಿಯೇ ನಿಂತುದು ಎಷ್ಟು, ಎಂತಹುದು ಎಂಬುದು ಅವನಿಗೆ ತಿಳಿಯುವುದಿಲ್ಲ. ಈ ಶೋಧನೆಯ ಸ್ವರೂಪವೇನು, ಅದರಲ್ಲಿ ಪ್ರಮಾದಗಳು ಹೇಗೆ ಸಂಭವಿಸುತ್ತವೆ, ಅವುಗಳಿಗೆ ಪರಿಹಾರವೇನು ಎಂಬುದನ್ನು ಸಾಹಿತ್ಯದ ಅಧ್ಯಾಪಕರಿಗೆ ಪರಿಚಿತವಾದ ಉದಾಹರಣೆಗಳಿಂದ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

2. ಧಾತುಪಾಠದ ನಿದರ್ಶನ

ಸಾಮಗ್ರಿಯನ್ನು ಒಂದು ಕಡೆ, ಆಯ್ಕೆಯ ನಿಯಮವನ್ನು ಮತ್ತೊಂದು ಕಡೆ ಇಡುವ ಉಪಾಯವನ್ನು ನಮ್ಮ ವೈಯಾಕರಣರು ಬಹು ಹಿಂದೆಯೇ ಕಂಡುಕೊಂಡಿದ್ದರು. ಪಾಣಿನಿಯ ಸೂತ್ರಪಾಠವು ನಿಯಮಗಳ ಸಮೂಹ. ಧಾತುಪಾಠ, ಗಣಪಾಠಗಳು ಸಾಮಗ್ರಿಯ ಪಟ್ಟಿಕೆಗಳು. ಧಾತುಪಾಠದಲ್ಲಿ ಸುಮಾರು 2000 ಧಾತುಗಳು 10 ಗಣಗಳಾಗಿ ಹಂಚಲ್ಪಟ್ಟಿವೆ. ಸೂತ್ರಕಾರನು ಪ್ರತಿಯೊಂದು ಕಾರ್ಯಕ್ಕೂ ಧಾತುಗಳನ್ನು ಮತ್ತೆ ಮತ್ತೆ ಹೆಸರಿಸುವುದಿಲ್ಲ. ಧಾತುವಿಗೆ ಅಂಟಿಕೊಂಡಿರುವ ಅನುಬಂಧವನ್ನು ನೋಡಿ, ಆ ಲಕ್ಷಣವುಳ್ಳವುಗಳಿಗೆಲ್ಲ ಈ ಕಾರ್ಯವಾಗಲೆಂದು ಒಂದೇ ಮಾತಿನಲ್ಲಿ ವಿಧಿಸುತ್ತಾನೆ.

‘ಶೀಙ್’ ಎಂಬ ಧಾತುವಿನ ಕೊನೆಯ ಙಕಾರವು ಇತ್ತು. ಙಿತ್ತಾದ ಧಾತುಗಳಿಗೆ ಆತ್ಮನೇಪದವೆಂಬ ನಿಯಮವು ಈ ಧಾತುವನ್ನು ಹಿಡಿದುಕೊಳ್ಳುತ್ತದೆ. ‘ಶೇತೇ’ ಎಂಬ ರೂಪವು ಸಿದ್ಧಿಸುತ್ತದೆ. ಸಿದ್ಧರೂಪದಲ್ಲಿ ಙಕಾರವು ಎಲ್ಲಿಯೂ ಕಾಣುವುದಿಲ್ಲ. ಇನ್ನು ‘ಡುಕೃಞ್’ ಎಂಬ ಧಾತುವಿನಲ್ಲಿ ಎರಡು ಅನುಬಂಧಗಳಿವೆ. ಞಕಾರವನ್ನು ನೋಡಿದ ನಿಯಮವು ಅದನ್ನು ಉಭಯಪದಿಯನ್ನಾಗಿ ಮಾಡಿ ‘ಕರೋತಿ’, ‘ಕುರುತೇ’ ಎಂಬ ಎರಡು ರೂಪಗಳಿಗೆ ದಾರಿ ಮಾಡಿಕೊಡುವುದು. ‘ಡು’ ಎಂಬುದನ್ನು ನೋಡಿದ ಬೇರೊಂದು ನಿಯಮವು ‘ಕೃತ್ರಿಮ’ ಎಂಬ ಶಬ್ದದ ಸಿದ್ಧಿಗೆ ಕಾರಣವಾಗುವುದು. ಪಟ್ಟಿಕೆಯ ಸಾಲು ಒಂದೇ. ಅದನ್ನು ಬೇರೆ ಬೇರೆ ನಿಯಮಗಳು ಬೇರೆ ಬೇರೆ ಪ್ರಯೋಜನಗಳಿಗಾಗಿ ಆರಿಸಿಕೊಳ್ಳುತ್ತವೆ.

ಇಲ್ಲಿ ಗಮನಿಸತಕ್ಕ ಅಂಶಗಳು ಮೂರು. ನಿಯಮವು ಬದಲಾದರೂ ಮೂಲಪಟ್ಟಿಕೆಯು ಬದಲಾಗುವುದಿಲ್ಲವೆಂಬುದು ಮೊದಲನೆಯದು. ಆಯ್ಕೆಗಾಗಿ ಇಟ್ಟ ಗುರುತು ಪ್ರದರ್ಶನಕ್ಕೆ ಬರಬೇಕಾಗಿಲ್ಲವೆಂಬುದು ಎರಡನೆಯದು. ಅನುಬಂಧವು ತನ್ನ ಕೆಲಸವನ್ನು ಮಾಡಿ ಲೋಪಹೊಂದುತ್ತದೆ. ಒಂದು ಸಾಲಿಗೆ ಗುರುತನ್ನು ಹಾಕದೆ ಬಿಟ್ಟರೆ ಆ ಸಾಲು ನಿಯಮದ ಕೈಗೆ ಸಿಕ್ಕುವುದೇ ಇಲ್ಲವೆಂಬುದು ಮೂರನೆಯದು. ಈ ಮೂರನೆಯ ಅಂಶವೇ ಮುಂದಿನ ವಿಚಾರಕ್ಕೆ ಮುಖ್ಯವಾದುದು.

3. ಸಾಧನದ ಸ್ವರೂಪ

ಈಗಿನ ಸಾಧನಗಳಲ್ಲಿ ಒಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪೈಥಾನ್ ಎಂಬ ಗಣಕಭಾಷೆಯ ಕೈಪಿಡಿಗಳನ್ನು ಸಿದ್ಧಪಡಿಸುವುದಕ್ಕಾಗಿ ಗಿಯೋರ್ಗ್ ಬ್ರಾಂಡ್ಲ್ ಎಂಬವರು ರಚಿಸಿ 2008 ರಲ್ಲಿ ಪ್ರಕಟಿಸಿದ ‘ಸ್ಫಿಂಕ್ಸ್’ ಎಂಬ ತಂತ್ರಾಂಶವು ಸರಳವಾದ ಬರೆವಣಿಗೆಯಿಂದ ಪರದೆಯ ಪುಟಗಳನ್ನೂ ಅಚ್ಚಿನ ಪುಟಗಳನ್ನೂ ನಿರ್ಮಿಸಿಕೊಡುತ್ತದೆ. ಬರೆವಣಿಗೆಯ ಮಧ್ಯದಲ್ಲಿ ‘ಇಂತಹ ಕಡತದಲ್ಲಿರುವ ಪಟ್ಟಿಕೆಯನ್ನು ಇಲ್ಲಿ ತೋರಿಸು’ ಎಂದು ಒಂದು ಆದೇಶವನ್ನು ಬರೆದರೆ, ಪುಟವು ಸಿದ್ಧವಾಗುವ ವೇಳೆಗೆ ಆ ಸ್ಥಾನದಲ್ಲಿ ಕೋಷ್ಟಕವು ಬಂದು ನಿಲ್ಲುತ್ತದೆ.

ಇಂತಹ ಪಟ್ಟಿಕೆಗಳನ್ನು ಸಾಮಾನ್ಯವಾಗಿ ಸಿಎಸ್‌ವಿ ಎಂಬ ರೂಪದಲ್ಲಿ ಇಡುತ್ತಾರೆ. ಒಂದು ಸಾಲಿಗೆ ಒಂದು ಪಂಕ್ತಿ. ಅಂಕಣಕ್ಕೂ ಅಂಕಣಕ್ಕೂ ನಡುವೆ ಒಂದು ಅಲ್ಪವಿರಾಮ. ಮನೆಯೊಳಗಿನ ಮಾತಿನಲ್ಲಿಯೇ ಅಲ್ಪವಿರಾಮವಿದ್ದರೆ ಆ ಮಾತಿನ ಸುತ್ತಲೂ ಉದ್ಧರಣಚಿಹ್ನೆ. ಬಹುಕಾಲದಿಂದ ಬಳಕೆಯಲ್ಲಿದ್ದ ಈ ರೂಪವನ್ನು 2005 ರಲ್ಲಿ ಒಂದು ಲಿಖಿತ ವಿವರಣೆಯಾಗಿ ದಾಖಲೆ ಮಾಡಲಾಯಿತು. ಇದರಲ್ಲಿ ಅಲಂಕಾರವೇನೂ ಇಲ್ಲದಿರುವುದರಿಂದ ಯಾವ ಯಂತ್ರದಲ್ಲಾದರೂ ತೆರೆದು ಓದಬಹುದು.

ಸ್ಫಿಂಕ್ಸಿನ ಸಾಮಾನ್ಯ ಆದೇಶವು ಕಡತದ ಸಾಲುಗಳೆಲ್ಲವನ್ನೂ ತೋರಿಸುತ್ತದೆ; ಸಾಲುಗಳನ್ನು ಆಯುವ ಶಕ್ತಿಯು ಅದಕ್ಕಿಲ್ಲ. ಆ ಕೊರತೆಯನ್ನು ನೀಗಿಸುವುದಕ್ಕಾಗಿ ‘ಸಿಎಸ್‌ವಿ-ಫಿಲ್ಟರ್’ ಎಂಬ ಅನುಬಂಧತಂತ್ರವೊಂದು ದೊರೆಯುವುದು. ಅದರಲ್ಲಿ ಮುಖ್ಯವಾಗಿ ಮೂರು ಬಗೆಯ ವಿಧಿಗಳಿವೆ. ‘ಇಂತಹ ಅಂಕಣದಲ್ಲಿ ಇಂತಹ ಮಾದರಿಯ ಅಕ್ಷರಗಳಿರುವ ಸಾಲುಗಳನ್ನು ಸೇರಿಸು’ ಎಂಬುದು ಒಂದು; ‘ಇಂತಹವನ್ನು ಬಿಡು’ ಎಂಬುದು ಎರಡು; ‘ಇಂತಿಂತಹ ಅಂಕಣಗಳನ್ನು ಮಾತ್ರ ತೋರಿಸು’ ಎಂಬುದು ಮೂರು. ಮೊದಲಿನವೆರಡು ಸಾಲಿನ ಶೋಧನೆಗಳು, ಕೊನೆಯದು ಅಂಕಣದ ಶೋಧನೆ. ಅಂಕಣಗಳ ಎಣಿಕೆಯು ಇಲ್ಲಿ ಒಂದರಿಂದಲ್ಲ, ಸೊನ್ನೆಯಿಂದ ಆರಂಭವಾಗುವುದು; ಇದನ್ನು ಮರೆತವನಿಗೆ ಪಕ್ಕದ ಅಂಕಣದ ಮೇಲೆ ನಿಯಮವು ಬಿದ್ದು ವಿಚಿತ್ರವಾದ ಫಲವು ಬರುವುದು. ಮೊದಲನೆಯ ಪಂಕ್ತಿಯು ಶಿರೋನಾಮಗಳ ಪಂಕ್ತಿಯೆಂದು ತಿಳಿಸುವುದೂ ಅಗತ್ಯ.

ಪುಟವನ್ನು ಸಿದ್ಧಪಡಿಸುವಾಗಲೇ ಶೋಧಿಸುವುದು ಬೇರೆ, ಪೂರ್ತಿಯಾದ ಪಟ್ಟಿಕೆಯನ್ನು ಓದುವವನ ಯಂತ್ರಕ್ಕೆ ಕಳುಹಿಸಿ ಅಲ್ಲಿ ಮರೆಮಾಡುವುದು ಬೇರೆ. ಮೊದಲನೆಯ ಕ್ರಮದಲ್ಲಿ ಬಿಟ್ಟ ಸಾಲು ಓದುವವನ ಬಳಿಗೆ ಬರುವುದೇ ಇಲ್ಲ. ಪುಟವು ಹಗುರವಾಗುವುದು, ಕಾಗದದ ಮೇಲೆ ಅಚ್ಚುಹಾಕಿದರೂ ಅದೇ ರೂಪವು ಉಳಿಯುವುದು. ಸಂಪಾದಕನ ಒಳಟಿಪ್ಪಣಿಗಳನ್ನು ಹೊರಗೆ ಬಿಡಬಾರದೆಂದಿದ್ದರೆ ಈ ಕ್ರಮವೇ ಯುಕ್ತ. ಎರಡನೆಯ ಕ್ರಮದಲ್ಲಿ ಓದುವವನು ನಿಯಮವನ್ನು ತಾನೇ ಬದಲಾಯಿಸಿ ನೋಡಬಹುದು. ಆದರೆ ಮರೆಮಾಡಿದ ಸಾಲುಗಳೂ ಅವನ ಕೈಯಲ್ಲಿಯೇ ಇರುತ್ತವೆ. ಪ್ರಕೃತ ವಿಚಾರವು ಮೊದಲನೆಯ ಕ್ರಮವನ್ನು ಕುರಿತದ್ದು; ಏಕೆಂದರೆ ಓದುವವನಿಗೆ ಸ್ವತಂತ್ರವಾಗಿ ಪರೀಕ್ಷಿಸುವ ಅವಕಾಶವು ಅಲ್ಲಿಯೇ ಅತ್ಯಂತ ಕಡಮೆಯಾಗಿರುವುದು.

4. ಒಂದು ಉದಾಹರಣಪಟ್ಟಿಕೆ

ಪ್ರಾಚೀನ ಕನ್ನಡ ಸಾಹಿತ್ಯಕ್ಕೆ ಸಂಬಂಧಿಸಿದ ಒಂಬತ್ತು ಗ್ರಂಥಗಳನ್ನು ಐದು ಅಂಕಣಗಳಲ್ಲಿ ಬರೆದರೆ ಕಡತವು ಹೀಗಿರುವುದು:

ಗ್ರಂಥ, ಕರ್ತೃ, ಕಾಲ, ವರ್ಗ, ಭಾಷೆ
ಕವಿರಾಜಮಾರ್ಗ, ಶ್ರೀವಿಜಯ, ಸು. 850, ಲಕ್ಷಣ, ಕನ್ನಡ
ವಡ್ಡಾರಾಧನೆ, , , ಗದ್ಯ, ಕನ್ನಡ
ಆದಿಪುರಾಣ, ಪಂಪ, 941, ಚಂಪೂ, ಕನ್ನಡ
ಚಾವುಂಡರಾಯಪುರಾಣ, ಚಾವುಂಡರಾಯ, 978, ಗದ್ಯ, ಕನ್ನಡ
ಛಂದೋಂಬುಧಿ, ನಾಗವರ್ಮ, ಸು. 990, ಲಕ್ಷಣ, ಕನ್ನಡ
ಅಜಿತಪುರಾಣ, ರನ್ನ, 993, ಚಂಪೂ, ಕನ್ನಡ
ಕರ್ಣಾಟಕ ಭಾಷಾಭೂಷಣ, ನಾಗವರ್ಮ, , ಲಕ್ಷಣ, ಸಂಸ್ಕೃತ
ಶಬ್ದಮಣಿದರ್ಪಣ, ಕೇಶಿರಾಜ, ಸು. 1260, ಲಕ್ಷಣ, ಕನ್ನಡ
ಕರ್ಣಾಟಕ ಶಬ್ದಾನುಶಾಸನ, ಭಟ್ಟಾಕಳಂಕ, 1604, ಲಕ್ಷಣ, ಸಂಸ್ಕೃತ

ವಡ್ಡಾರಾಧನೆಯ ಕರ್ತೃವಿನ ವಿಷಯದಲ್ಲಿಯೂ ಕಾಲದ ವಿಷಯದಲ್ಲಿಯೂ ವಿದ್ವಾಂಸರಲ್ಲಿ ವಿವಾದವಿರುವುದರಿಂದ ಆ ಮನೆಗಳು ಬರಿದಾಗಿವೆ. ಭಾಷಾಭೂಷಣದ ನಾಗವರ್ಮನನ್ನು ಕೆಲವರು 11 ನೆಯ ಶತಮಾನಕ್ಕೂ ಕೆಲವರು 12 ನೆಯ ಶತಮಾನಕ್ಕೂ ಸೇರಿಸುವುದರಿಂದ ಅಲ್ಲಿಯೂ ಕಾಲದ ಮನೆಯು ಬರಿದಾಗಿದೆ. ಇದು ಸಂಪಾದಕನ ಆಲಸ್ಯವಲ್ಲ, ಪ್ರಾಮಾಣಿಕತೆ. ನಿಶ್ಚಯವಿಲ್ಲದ ಕಡೆ ‘ಸು.’ ಎಂದು ಬರೆಯುವುದೂ, ಏನೂ ಹೇಳಲಾಗದ ಕಡೆ ಬರಿದಾಗಿ ಬಿಡುವುದೂ ಸಾಹಿತ್ಯಚರಿತ್ರೆಯಲ್ಲಿ ಸಂಪ್ರದಾಯಸಿದ್ಧವಾದ ನಡವಳಿಕೆ.

ಮೊದಲು ಸುಲಭವಾದ ಶೋಧನೆಗಳನ್ನು ನೋಡಬಹುದು. ‘ಗ್ರಂಥ’ವೆಂಬ ಅಂಕಣದಲ್ಲಿ ‘ಪುರಾಣ’ ಎಂಬ ಅಕ್ಷರಗಳು ಎಲ್ಲಿಯಾದರೂ ಇರುವ ಸಾಲುಗಳನ್ನು ಸೇರಿಸೆಂದರೆ ಮೂರು ಸಾಲುಗಳು ಬರುತ್ತವೆ. ಅದೇ ಮಾದರಿಯನ್ನು ಶಬ್ದದ ಆದಿಯಿಂದಲೇ ಹೋಲಿಸುವ ಸಾಧನವಾದರೆ ಒಂದು ಸಾಲೂ ಬರುವುದಿಲ್ಲ. ಏಕೆಂದರೆ ಮೂರರಲ್ಲಿಯೂ ‘ಪುರಾಣ’ವು ಉತ್ತರಪದ. ಹೋಲಿಕೆಯು ಆದಿಯಿಂದಲೋ ಎಲ್ಲಿಯಾದರೂ ಆಗಬಹುದೋ ಎಂಬುದನ್ನು ಮೊದಲೇ ತಿಳಿದಿರಬೇಕು. ಇನ್ನು ‘ಕರ್ತೃ’ ಎಂಬ ಅಂಕಣದಲ್ಲಿ ‘ನಾಗವರ್ಮ’ನೆಂದು ಶೋಧಿಸಿದರೆ ಎರಡು ಸಾಲುಗಳು ಬರುತ್ತವೆ. ಛಂದೋಂಬುಧಿಯ ನಾಗವರ್ಮನೇ ಬೇರೆ, ಭಾಷಾಭೂಷಣದ ನಾಗವರ್ಮನೇ ಬೇರೆ ಎಂಬುದು ಯಂತ್ರಕ್ಕೆ ತಿಳಿಯದು. ಯಂತ್ರವು ಅಕ್ಷರಗಳನ್ನು ಹೋಲಿಸುತ್ತದೆಯೇ ಹೊರತು ಅರ್ಥವನ್ನಲ್ಲ.

‘ವರ್ಗ’ದಲ್ಲಿ ‘ಲಕ್ಷಣ’ವೆಂದೂ ‘ಭಾಷೆ’ಯಲ್ಲಿ ‘ಕನ್ನಡ’ವೆಂದೂ ಎರಡು ನಿಯಮಗಳನ್ನು ಕೂಡಿಸಿ, ಬಂದ ಫಲಕ್ಕೆ ‘ಕನ್ನಡ ಲಕ್ಷಣಗ್ರಂಥಗಳು’ ಎಂದು ತಲೆಬರೆಹವನ್ನು ಕೊಟ್ಟರೆ ಹೇಗೆ? ಐದು ಲಕ್ಷಣಗ್ರಂಥಗಳಲ್ಲಿ ಮೂರು ಮಾತ್ರ ಉಳಿಯುತ್ತವೆ. ಭಾಷಾಭೂಷಣ, ಶಬ್ದಾನುಶಾಸನಗಳೆರಡೂ ಕನ್ನಡಕ್ಕೆ ವ್ಯಾಕರಣಗಳೇ ಆಗಿದ್ದರೂ ಅವುಗಳ ಸೂತ್ರಗಳು ಸಂಸ್ಕೃತದಲ್ಲಿರುವುದರಿಂದ ಹೊರಬೀಳುತ್ತವೆ. ‘ಕನ್ನಡದಲ್ಲಿ ಬರೆದ’ ಎಂಬ ಅರ್ಥದಲ್ಲಿ ನಿಯಮ, ‘ಕನ್ನಡವನ್ನು ಕುರಿತ’ ಎಂಬ ಅರ್ಥಕ್ಕೂ ಎಡೆಗೊಡುವ ತಲೆಬರೆಹ; ಇವುಗಳ ವಿರೋಧದಲ್ಲಿ ಎರಡು ಶಾಸ್ತ್ರಗ್ರಂಥಗಳು ಕಾಣದೆ ಹೋದುವು. ಯಂತ್ರವು ಇಲ್ಲಿ ತಪ್ಪಿಲ್ಲ; ತಪ್ಪಿರುವುದು ತಲೆಬರೆಹ.

5. ಬರಿದಾದ ಮನೆಯ ಪ್ರಮಾದ

ಇದಕ್ಕಿಂತಲೂ ಗಹನವಾದ ಪ್ರಮಾದವು ‘ಕಾಲ’ವೆಂಬ ಅಂಕಣದಲ್ಲಿ ಸಂಭವಿಸುವುದು. ಎರಡು ಪುಟಗಳನ್ನು ಸಿದ್ಧಪಡಿಸಬೇಕೆಂದು ಭಾವಿಸಬಹುದು: ಒಂದರಲ್ಲಿ ಕ್ರಿ.ಶ. 1000 ಕ್ಕೆ ಹಿಂದಿನ ಗ್ರಂಥಗಳು, ಮತ್ತೊಂದರಲ್ಲಿ ಅಂದಿನಿಂದ ಈಚಿನವು. ಮಾದರಿಗಳನ್ನು ಹೋಲಿಸುವ ಸಾಧನದಲ್ಲಿ ಮೊದಲನೆಯದಕ್ಕೆ ‘ಮನೆಯಲ್ಲಿ ಸರಿಯಾಗಿ ಮೂರು ಅಂಕಗಳು ಮಾತ್ರವಿರಲಿ’ ಎಂದೂ ಎರಡನೆಯದಕ್ಕೆ ‘ಸರಿಯಾಗಿ ನಾಲ್ಕು ಅಂಕಗಳಿರಲಿ’ ಎಂದೂ ವಿಧಿಸುವುದು ಸಹಜ. ಮೊದಲನೆಯ ಪುಟಕ್ಕೆ 941, 978, 993 ಎಂಬ ಮೂರು ಸಾಲುಗಳು ಬರುತ್ತವೆ. ಎರಡನೆಯದಕ್ಕೆ 1604 ಎಂಬ ಒಂದೇ ಸಾಲು. ಮೂರೂ ಒಂದೂ ಕೂಡಿ ನಾಲ್ಕಾಯಿತು. ಮೂಲದಲ್ಲಿದ್ದುದು ಒಂಬತ್ತು.

ಕಾಣದೆ ಹೋದ ಐದು ಯಾವುವು? ಉಪಲಬ್ಧ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದ ಕವಿರಾಜಮಾರ್ಗ, ಉಪಲಬ್ಧ ಗದ್ಯಗ್ರಂಥಗಳಲ್ಲಿ ಪ್ರಾಚೀನತಮವೆಂದು ಪರಿಗಣಿತವಾದ ವಡ್ಡಾರಾಧನೆ, ಕನ್ನಡ ಛಂದಸ್ಸಿನ ಮೊದಲ ಶಾಸ್ತ್ರಗ್ರಂಥವಾದ ಛಂದೋಂಬುಧಿ, ಭಾಷಾಭೂಷಣ, ಹಳಗನ್ನಡ ವ್ಯಾಕರಣಕ್ಕೆ ಆಧಾರಸ್ತಂಭವಾದ ಶಬ್ದಮಣಿದರ್ಪಣ. ಇವುಗಳನ್ನು ಯಾರೂ ಬೇಡವೆಂದು ತೆಗೆದುಹಾಕಲಿಲ್ಲ. ‘ಸು.’ ಎಂಬ ಒಂದಕ್ಷರದ ವಿನಯವೂ ಬರಿದಾದ ಮನೆಯ ಪ್ರಾಮಾಣಿಕತೆಯೂ ಇವುಗಳನ್ನು ಎರಡು ಪುಟಗಳಿಂದಲೂ ಹೊರಗೆ ನೂಕಿದುವು. ಕಾಲವು ನಿಶ್ಚಿತವಾದ ಗ್ರಂಥಗಳು ಉಳಿದು, ಕಾಲವನ್ನು ಕುರಿತು ವಿದ್ವಾಂಸರು ಅತ್ಯಂತ ಎಚ್ಚರದಿಂದ ಮಾತನಾಡಿದ ಗ್ರಂಥಗಳೇ ಮಾಯವಾದುವು.

ಇಷ್ಟು ತಪ್ಪು ತಿಳಿದೊಡನೆ ಸಂಪಾದಕನು ಇನ್ನೊಂದು ಉಪಾಯವನ್ನು ಹೂಡಬಹುದು. ಎರಡನೆಯ ಪುಟಕ್ಕೆ ‘ಮೂರಂಕಗಳ ಸಾಲುಗಳನ್ನು ಬಿಟ್ಟು ಉಳಿದುವೆಲ್ಲ’ ಎಂದು ನಿಷೇಧರೂಪವಾದ ನಿಯಮವನ್ನು ಬರೆಯಬಹುದು. ಆಗ ಮೂರೂ ಆರೂ ಕೂಡಿ ಒಂಬತ್ತಾಗುವುದು, ಲೆಕ್ಕವು ಸರಿಹೋಯಿತು. ಆದರೆ ಕವಿರಾಜಮಾರ್ಗವೂ ವಡ್ಡಾರಾಧನೆಯೂ ಛಂದೋಂಬುಧಿಯೂ ‘ಕ್ರಿ.ಶ. 1000 ರಿಂದೀಚಿನ ಗ್ರಂಥಗಳು’ ಎಂಬ ತಲೆಬರೆಹದ ಕೆಳಗೆ ನಿಲ್ಲುತ್ತವೆ. ಮೊದಲು ಸಂಭವಿಸಿದ್ದು ಲೋಪ. ಈಗ ಸಂಭವಿಸಿದ್ದು ಅಧ್ಯಾರೋಪ. ‘ಹಿಂದಿನದೆಂದು ಸಿದ್ಧವಾಗಿಲ್ಲ’ ಎಂಬುದಕ್ಕೂ ‘ಈಚಿನದೆಂದು ಸಿದ್ಧವಾಗಿದೆ’ ಎಂಬುದಕ್ಕೂ ಬಹಳ ಅಂತರವುಂಟು. ನೈಯಾಯಿಕರು ನಿಶ್ಚಯವನ್ನೂ ಸಂಶಯವನ್ನೂ ಬೇರೆಬೇರೆಯಾಗಿ ಹಿಡಿಯುವರು. ಪ್ರಮಾಣವು ದೊರೆಯದ ಸ್ಥಳದಲ್ಲಿ ವಿರುದ್ಧಪಕ್ಷವು ತಾನಾಗಿ ಸಿದ್ಧಿಸುವುದಿಲ್ಲ.

ದತ್ತಕೋಶಗಳನ್ನು ಪ್ರಶ್ನಿಸುವುದಕ್ಕೆ ಬಳಸುವ ಎಸ್‌ಕ್ಯುಎಲ್ ಎಂಬ ಭಾಷೆಯಲ್ಲಿ ಈ ಸೂಕ್ಷ್ಮಕ್ಕೆ ಸ್ಥಾನವನ್ನು ಕಲ್ಪಿಸಲಾಗಿದೆ. ಅಲ್ಲಿ ಬರಿದಾದ ಮನೆಯನ್ನು ಯಾವುದರೊಡನೆ ಹೋಲಿಸಿದರೂ ಫಲವು ‘ನಿಜ’ವೂ ಅಲ್ಲ, ‘ಸುಳ್ಳೂ’ ಅಲ್ಲ, ‘ಅಜ್ಞಾತ’ವೆಂಬ ಮೂರನೆಯದು. ಆದರೆ ನಿಯಮವು ‘ನಿಜ’ವಾದ ಸಾಲುಗಳನ್ನು ಮಾತ್ರ ಉಳಿಸಿಕೊಳ್ಳುವುದರಿಂದ, ಬರಿದಾದ ಮನೆಯ ಸಾಲು ‘1000 ಕ್ಕೆ ಕಡಮೆ’ ಎಂಬ ಪ್ರಶ್ನೆಗೂ ಬರುವುದಿಲ್ಲ, ‘1000 ಕ್ಕೆ ಕಡಮೆಯಲ್ಲ’ ಎಂಬ ಪ್ರಶ್ನೆಗೂ ಬರುವುದಿಲ್ಲ. ‘ಬರಿದಾಗಿರುವುವು ಯಾವುವು’ ಎಂದು ಪ್ರತ್ಯೇಕವಾಗಿ ಕೇಳಿದರೆ ಮಾತ್ರ ಅದು ಓಗೊಡುವುದು.

ಇದರ ಜೊತೆಗೆ ಸಂಖ್ಯೆಯನ್ನು ಶಬ್ದವೆಂದು ಬಗೆಯುವ ದೋಷವೂ ಉಂಟು. ಯಂತ್ರವು 941 ನ್ನು ಸಂಖ್ಯೆಯೆಂದು ತಿಳಿಯದೆ ಅಕ್ಷರಗಳ ಸರಣಿಯೆಂದು ತಿಳಿದರೆ, ಅಕಾರಾದಿಕ್ರಮದಂತೆ ಮೊದಲನೆಯ ಅಂಕವನ್ನೇ ಮೊದಲು ಹೋಲಿಸುತ್ತದೆ. 9 ಎಂಬುದು 1 ಕ್ಕಿಂತ ದೊಡ್ಡದಾದುದರಿಂದ 941 ಎಂಬುದು 1000 ಕ್ಕಿಂತ ಮುಂದಿನದಾಗಿಬಿಡುವುದು, ಪಂಪನು ಈಚಿನವನಾಗುವನು. ಶಕವರ್ಷವನ್ನೂ ಕ್ರಿಸ್ತಶಕವನ್ನೂ ಒಂದೇ ಅಂಕಣದಲ್ಲಿ ಬೆರಸಿದರೂ ಇಂತಹುದೇ ಅನರ್ಥ. ಆದಿಪುರಾಣದ ಕಾಲವನ್ನು ಒಂದು ಕಡೆ ಶಕ 863 ಎಂದೂ ಮತ್ತೊಂದು ಕಡೆ 941 ಎಂದೂ ಬರೆದಿದ್ದರೆ ಯಂತ್ರದ ದೃಷ್ಟಿಯಲ್ಲಿ ಅವು 78 ವರ್ಷಗಳ ಅಂತರವುಳ್ಳ ಎರಡು ಸಂಗತಿಗಳು.

6. ಲಿಪಿಯಿಂದಾಗುವ ವಂಚನೆ

ಕನ್ನಡ ಪಟ್ಟಿಕೆಗಳಿಗೆ ವಿಶೇಷವಾದ ಕಷ್ಟವೊಂದಿದೆ. ಯಂತ್ರದಲ್ಲಿ ಅಕ್ಷರಗಳನ್ನು ಯೂನಿಕೋಡ್ ಎಂಬ ಸಂಕೇತಮಾಲೆಯಿಂದ ಇಡಲಾಗುವುದು. ಅದರಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರಗಳ ಚಿಹ್ನೆಗಳನ್ನು ಒಂದರ ಮುಂದೊಂದಾಗಿ ಇಟ್ಟೂ ಬರೆಯಬಹುದು. ಈಕಾರ, ಏಕಾರ, ಐಕಾರ, ಓಕಾರಗಳಿಗೂ ಇಂತಹ ದ್ವೈವಿಧ್ಯವುಂಟು. ಆದುದರಿಂದ ‘ಛಂದೋಂಬುಧಿ’ ಎಂಬ ಹೆಸರನ್ನು ಇಬ್ಬರು ಲಿಪಿಕಾರರು ಎರಡು ಬಗೆಯಾಗಿ ಬರೆದಿರಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಎರಡೂ ಬೇರೆ. ಒಂದನ್ನು ಕೇಳಿದರೆ ಇನ್ನೊಂದು ಸಿಕ್ಕದು. ಶೋಧನೆಗೆ ಮುಂಚೆ ಸಂಕೇತಗಳನ್ನೆಲ್ಲ ಏಕರೂಪಕ್ಕೆ ತರುವ ಕ್ರಿಯೆಯು ಯೂನಿಕೋಡಿನಲ್ಲಿಯೇ ವಿಹಿತವಾಗಿದೆ. ಅದನ್ನು ಮಾಡಿಯೇ ಮುಂದುವರಿಯತಕ್ಕದ್ದು. ಒತ್ತಕ್ಷರವಾಗದಂತೆ ತಡೆಯುವುದಕ್ಕಾಗಿ ಶಬ್ದದ ನಡುವೆ ಇಡುವ, ಕಣ್ಣಿಗೆ ಕಾಣದ ಸಂಕೇತಗಳು ಆ ಕ್ರಿಯೆಯಿಂದಲೂ ಹೋಗುವುದಿಲ್ಲವಾದ ಕಾರಣ ಅವುಗಳನ್ನು ಬೇರೆಯಾಗಿ ನೋಡಿಕೊಳ್ಳಬೇಕು.

ಅಂಕಗಳ ವಿಷಯದಲ್ಲಿಯೂ ಹೀಗೆಯೇ. ‘0 ಯಿಂದ 9 ರ ವರೆಗಿನ ಅಂಕಗಳು’ ಎಂದು ವ್ಯಾಪ್ತಿಯನ್ನು ಹೇಳಿ ಮಾದರಿಯನ್ನು ಬರೆದರೆ ‘೯೪೧’ ಎಂಬುದು ಅದಕ್ಕೆ ಒಳಪಡುವುದಿಲ್ಲ. ಪೈಥಾನಿನಲ್ಲಿ ‘ಯಾವುದಾದರೊಂದು ಅಂಕ’ ಎಂಬ ಸಾಮಾನ್ಯಸಂಜ್ಞೆಯನ್ನು ಬಳಸಿದರೆ ಕನ್ನಡದ ಅಂಕಗಳೂ ಒಳಪಡುತ್ತವೆ. ಒಂದೇ ಗ್ರಂಥದ ಹೆಸರಿನಲ್ಲಿ ಕರ್ಣಾಟಕ, ಕರ್ನಾಟಕವೆಂಬ ಭೇದವೂ, ಚಾವುಂಡ, ಚಾಮುಂಡವೆಂಬ ಭೇದವೂ, ೞಕಾರ, ಳಕಾರಗಳ ಭೇದವೂ ಯಾವ ಯಂತ್ರಕ್ರಿಯೆಯಿಂದಲೂ ತಾನಾಗಿ ಪರಿಹಾರವಾಗತಕ್ಕವಲ್ಲ. ಅವು ಪಾಠಾಂತರಗಳು. ಶೋಧನೆಗೆಂದೇ ಏಕರೂಪವಾದ ಒಂದು ಅಂಕಣವನ್ನು ಇಟ್ಟು, ಪ್ರದರ್ಶನಕ್ಕೆ ಮೂಲಪಾಠದ ಅಂಕಣವನ್ನು ಉಳಿಸಿಕೊಳ್ಳುವುದು ಯುಕ್ತ. ಹಳಗನ್ನಡದ ರೂಪವನ್ನು ಶೋಧನೆಯ ಅನುಕೂಲಕ್ಕಾಗಿ ತಿದ್ದಿಬಿಡುವುದು ಸರ್ವಥಾ ಕೂಡದು.

7. ಕ್ರಮವಿಚಾರ

ಎರಡು ನಿಯಮಗಳಿದ್ದಾಗ ಯಾವುದು ಮೊದಲು ನಡೆಯಬೇಕೆಂಬ ಪ್ರಶ್ನೆಯು ವ್ಯಾಕರಣದಲ್ಲಿ ಪ್ರಸಿದ್ಧವಾದುದು. ಅಷ್ಟಾಧ್ಯಾಯಿಯ ಕೊನೆಯ ಮೂರು ಪಾದಗಳ ಕಾರ್ಯಗಳು ಹಿಂದಿನ ಕಾರ್ಯಗಳ ದೃಷ್ಟಿಯಲ್ಲಿ ನಡೆದೇ ಇಲ್ಲವೆಂದು ಬಗೆಯತಕ್ಕದ್ದೆಂಬ ವ್ಯವಸ್ಥೆಯನ್ನು ಸೂತ್ರಕಾರನು ಅದಕ್ಕಾಗಿಯೇ ಮಾಡಿದನು. ಕೋಷ್ಟಕಶೋಧನೆಯಲ್ಲಿ ಶುದ್ಧವಾದ ಎರಡು ಸಾಲಿನ ನಿಯಮಗಳನ್ನು ಯಾವ ಕ್ರಮದಲ್ಲಿ ನಡೆಯಿಸಿದರೂ ಫಲವು ಒಂದೇ. ಎರಡಕ್ಕೂ ಒಪ್ಪಿದ ಸಾಲುಗಳು ಮಾತ್ರ ಉಳಿಯುತ್ತವೆ. ಆದರೆ ‘ಮೊದಲ ಮೂರು ಸಾಲುಗಳು ಮಾತ್ರ’ ಎಂಬಂತಹ ಮಿತಿಯು ಸೇರಿಕೊಂಡರೆ ಕ್ರಮವು ಮುಖ್ಯವಾಗುವುದು. ಮೇಲಿನ ಪಟ್ಟಿಕೆಯಲ್ಲಿ ಮೊದಲು ಮೂರು ಸಾಲುಗಳನ್ನು ತೆಗೆದುಕೊಂಡು ಆಮೇಲೆ ಗದ್ಯವನ್ನು ಆಯ್ದರೆ ವಡ್ಡಾರಾಧನೆಯೊಂದೇ ಬರುವುದು. ಮೊದಲು ಗದ್ಯವನ್ನು ಆಯ್ದು ಆಮೇಲೆ ಮೂರಕ್ಕೆ ಮಿತಿಗೊಳಿಸಿದರೆ ಚಾವುಂಡರಾಯಪುರಾಣವೂ ಬರುವುದು. ಅಂತೆಯೇ ಆಯ್ಕೆಗೆ ಬೇಕಾದ ಅಂಕಣವನ್ನು ಮೊದಲೇ ತೆಗೆದುಹಾಕಿದರೆ ಆಮೇಲಿನ ನಿಯಮಕ್ಕೆ ಆಧಾರವೇ ಇರುವುದಿಲ್ಲ. ಅನುಬಂಧದ ಲೋಪವು ಅನುಬಂಧವನ್ನು ನೋಡುವ ಕಾರ್ಯಕ್ಕೆ ಬಾಧಕವಾಗಬಾರದೆಂಬ ಶಾಸ್ತ್ರಮರ್ಯಾದೆಯು ಇಲ್ಲಿಯೂ ಅನ್ವಯಿಸುವುದು.

8. ಸಿದ್ಧಾಂತ

ಐದು ಉಗುರುಗಳುಳ್ಳ ಪ್ರಾಣಿಗಳಲ್ಲಿ ಇಂತಹ ಐದನ್ನು ತಿನ್ನಬಹುದೆಂಬ ವಾಕ್ಯವನ್ನು ಮೀಮಾಂಸಕರು ಪರಿಸಂಖ್ಯೆಗೆ ಉದಾಹರಿಸುತ್ತಾರೆ. ಆ ವಾಕ್ಯದ ತಾತ್ಪರ್ಯವು ಐದನ್ನು ತಿನ್ನಿಸುವುದರಲ್ಲಿಲ್ಲ, ಉಳಿದುವನ್ನು ನಿವಾರಿಸುವುದರಲ್ಲಿದೆ. ಅಚ್ಚುಕಟ್ಟಾದ ಕೋಷ್ಟಕವನ್ನು ಕಂಡ ವಿದ್ಯಾರ್ಥಿಯೂ ಅದನ್ನು ಪರಿಸಂಖ್ಯೆಯಾಗಿಯೇ ಓದುತ್ತಾನೆ. ‘1000 ಕ್ಕೆ ಹಿಂದಿನ ಗ್ರಂಥಗಳು’ ಎಂಬ ತಲೆಬರೆಹದ ಕೆಳಗೆ ಮೂರು ಸಾಲುಗಳನ್ನು ನೋಡಿದರೆ, ಮೂರೇ ಇವೆ, ಬೇರೆಯವು ಇಲ್ಲವೆಂದು ನಿಶ್ಚಯಿಸುತ್ತಾನೆ. ಸಂಪಾದಕನು ಹೇಳಿದ್ದು ‘ಈ ನಿಯಮಕ್ಕೆ ಒಳಪಟ್ಟುವು ಇವು’ ಎಂದು ಮಾತ್ರ. ಈ ಎರಡರ ನಡುವಣ ಅಂತರವನ್ನು ತುಂಬುವ ಹೊಣೆಯು ಶೋಧಿಸಿದವನದೇ ಆಗಿರುವುದು.

ಅದಕ್ಕೆ ಬೇಕಾದ ಕ್ರಮಗಳು ಕಷ್ಟವಾದುವಲ್ಲ. ಮೂಲಪಟ್ಟಿಕೆಯು ಯಾವಾಗಲೂ ಸಮಗ್ರವಾಗಿ ಒಂದೇ ಕಡೆಯಲ್ಲಿರಬೇಕು. ಒಂದು ಪುಟದ ಅನುಕೂಲಕ್ಕಾಗಿ ಅದರಿಂದ ಸಾಲುಗಳನ್ನು ಅಳಿಸಬಾರದು. ಕಾಲದಂತಹ ಅನಿಶ್ಚಿತ ವಿಷಯಗಳಿಗೆ ಪ್ರದರ್ಶನದ ಅಂಕಣವಲ್ಲದೆ, ಹಿಂದಿನ ಮಿತಿ, ಮುಂದಿನ ಮಿತಿ ಎಂಬ ಎರಡು ಅಂಕಣಗಳನ್ನು ಅನುಬಂಧದಂತೆ ಇಡಬೇಕು. ಕವಿರಾಜಮಾರ್ಗಕ್ಕೆ ನೃಪತುಂಗನ ಆಳ್ವಿಕೆಯ 814, 878 ಎಂಬ ವರ್ಷಗಳನ್ನು ಮಿತಿಗಳಾಗಿ ಬರೆದರೆ, ಪುಟದಲ್ಲಿ ‘ಸು. 850’ ಎಂಬುದು ಹಾಗೆಯೇ ನಿಂತು, ಗ್ರಂಥವು ತನಗೆ ಯೋಗ್ಯವಾದ ಪಟ್ಟಿಕೆಯಲ್ಲಿ ಸೇರಿಕೊಳ್ಳುವುದು. ಮಿತಿಗಳು 1000 ದ ಎರಡು ಕಡೆಗೂ ಚಾಚಿದ್ದರೆ ಆ ಸಾಲನ್ನು ಎರಡು ಪುಟಗಳಲ್ಲಿಯೂ ಒಂದು ಗುರುತಿನೊಡನೆ ತೋರಿಸಬಹುದು. ಮಿತಿಗಳೇ ತಿಳಿಯದ ಸಾಲುಗಳಿಗೆ ‘ಕಾಲ ಅನಿಶ್ಚಿತ’ವೆಂಬ ಮೂರನೆಯ ಪಟ್ಟಿಕೆಯನ್ನು ಕೊಡಬೇಕು. ವಡ್ಡಾರಾಧನೆಗೆ ಅಲ್ಲಿ ಗೌರವದ ಸ್ಥಾನವುಂಟು.

ಕೊನೆಯದಾಗಿ, ಪ್ರತಿಯೊಂದು ಶೋಧಿತ ಕೋಷ್ಟಕದ ತಲೆಯ ಮೇಲೆ ನಿಯಮವನ್ನು ಮನುಷ್ಯರ ಮಾತಿನಲ್ಲಿ ಬರೆದು, ಕೆಳಗೆ ‘ಮೂಲದಲ್ಲಿ 9, ಇಲ್ಲಿ ತೋರಿಸಿದುವು 3, ಬಿಟ್ಟುವು 6’ ಎಂದು ಲೆಕ್ಕವನ್ನು ಕೊಡಬೇಕು. ತೋರಿಸಿದುವೂ ಬಿಟ್ಟುವೂ ಕೂಡಿ ಮೂಲಕ್ಕೆ ಸಮನಾಗುವುದೇ ಎಂಬುದನ್ನು ಯಂತ್ರದಿಂದಲೇ ಪರೀಕ್ಷೆ ಮಾಡಿಸಬಹುದು. ಬಿಟ್ಟುವು ಯಾವ ಕಾರಣದಿಂದ ಬಿಟ್ಟುವೆಂಬುದನ್ನು ಮಾತ್ರ ಪಂಡಿತನೇ ನೋಡಬೇಕು. ಅಧ್ಯಾಪಕರೂ ಪರದೆಯ ಮೇಲೆ ಒಂದು ಪಟ್ಟಿಕೆಯನ್ನು ಕಂಡಾಗ, ಇದರಲ್ಲಿ ಏನಿದೆ ಎಂದು ಕೇಳುವುದರೊಡನೆ, ಇದರಿಂದ ಏನು ಜಾರಿದೆ ಎಂದು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳಿಗೆ ಕಲಿಸತಕ್ಕದ್ದು. ಜರಡಿ ಹಿಡಿಯಬಾರದೆಂದು ಯಾರೂ ಹೇಳಲಾರರು. ಹೊಟ್ಟೆಂದು ಚೆಲ್ಲುವುದಕ್ಕೆ ಮುಂಚೆ ಅದರಲ್ಲಿ ಕಾಳು ಉಳಿದಿದೆಯೇ ಎಂದು ಒಮ್ಮೆ ಕೈಯಾಡಿಸಿ ನೋಡುವುದು ಮನೆವಾರ್ತೆಯಲ್ಲಿ ಹೇಗೋ ವಿದ್ಯೆಯಲ್ಲಿಯೂ ಹಾಗೆಯೇ ಅವಶ್ಯಕ.